ತಂಗಿಯನ್ನು ಬಿಟ್ಟುಕೊಡದ ಎರಡು ನದಿಗಳ ಊರು

ನನ್ನ ತಂಗಿ ಪದ್ದಿ ಬೀದಿಯ ಬದಿಗಿದ್ದ ಯಾರದೋ ಮನೆಯ ದೊಡ್ಡ ಮರದ ಬಾಗಿಲನ್ನು ಭುಜದಿಂದ ನೂಕಿ ಒಳಗೆ ನಡೆದುಬಿಟ್ಟಳು. ಕರೆಗಂಟೆ ಒತ್ತಲಿಲ್ಲ, ಯಾರನ್ನೂ ಕೂಗಲಿಲ್ಲ, ಒಳಗಿನಿಂದ ಯಾರಾದರೂ ಬರಲಿ ಎಂದು ಕಾಯಲಿಲ್ಲ. ನಾನು ಹೊರಗಿನ ಕಲ್ಲುಹಾಸಿನ ಮೇಲೆಯೇ ನಿಂತೆ.

"ಬಾ ಅಕ್ಕಾ. ಯಾಕ ನಿಂತಿ?"

"ಯಾರ ಮನಿ ಇದು?"

"ಯಾರದೋ. ನಮಗ ಕೆಳಗಿನ ಓಣಿಗೆ ಹೋಗಬೇಕಲ್ಲ, ಇದರಾಗಿಂದ ಹಾದು ಹೋಗೋದು."

"ಯಾರರ ಕೇಳಿದ್ರ ಏನಂತೀ?"

"ಬೊಂಜೂರ್ ಅಂತೀನಿ."

ಒಳಗೆ ಒದ್ದೆ ಕಲ್ಲಿನ ವಾಸನೆಯ ಕತ್ತಲೆಯ ಓಣಿ. ಅದರಾಚೆ ಬಾವಿಯಂತೆ ಆಳವಾದ ಅಂಗಳ, ತಲೆಯ ಮೇಲೆ ಒಂದು ಚೌಕ ಆಕಾಶ, ಸುತ್ತಲೂ ಒಂದರ ಮೇಲೊಂದು ಕಿಟಕಿಗಳು. ಯಾರೋ ಉಳ್ಳಾಗಡ್ಡಿ ಹುರಿಯುತ್ತಿದ್ದರು. ಸುತ್ತುಮೆಟ್ಟಿಲು ಇಳಿದು ಬರುತ್ತಿದ್ದ ಗಂಡಸೊಬ್ಬ, ಕೈಯಲ್ಲಿ ಕಸದ ಚೀಲ ಹಿಡಿದವನು, ಸೀರೆಯುಟ್ಟ ಇಬ್ಬರು ಮುದುಕಿಯರನ್ನು ಕಂಡು ಬೊಂಜೂರ್ ಎಂದು ಹೇಳಿ ದಾರಿ ಬಿಟ್ಟ. ಇನ್ನೊಂದು ಓಣಿ, ಇನ್ನಷ್ಟು ಮೆಟ್ಟಿಲು, ಇನ್ನೊಂದು ಬಾಗಿಲು. ಅದನ್ನು ತೆಗೆದರೆ ಬೇರೆಯೇ ಬೀದಿ, ಬೇರೆಯೇ ಬೆಳಕು, ಮೂಲೆಯಲ್ಲಿ ರೊಟ್ಟಿಯಂಗಡಿ. ನಾನು ಹಿಂದಿರುಗಿ ನೋಡಿದೆ. ಬಾಗಿಲು ತಾನಾಗಿ ಮುಚ್ಚಿಕೊಂಡು ಯಾರದೋ ಮನೆಯ ಬಾಗಿಲಾಗಿ ನಿಂತಿತ್ತು.

ಇಂಥ ದಾರಿಗೆ ಫ್ರಾನ್ಸಿನ ಲಿಯೋನ್ ನಗರದಲ್ಲಿ ತ್ರಾಬೂಲ್ ಎನ್ನುತ್ತಾರೆ. ರೇಷ್ಮೆ ನೇಯುವವರ ಊರು ಅದು. ನೇಯ್ದ ಬಟ್ಟೆ ಮಳೆಗೆ ನೆನೆಯಬಾರದೆಂದು ಮನೆಗಳ ಹೊಟ್ಟೆಯೊಳಗಿನಿಂದಲೇ ಹೊತ್ತು ಸಾಗಿಸುತ್ತಿದ್ದರಂತೆ. ನೇಕಾರರು ಹೋದರು, ದಾರಿಗಳು ಉಳಿದವು. ಈಗ ಅವುಗಳಲ್ಲಿ ನನ್ನ ತಂಗಿ ತರಕಾರಿ ಚೀಲ ಹಿಡಿದು ಓಡಾಡುತ್ತಾಳೆ.

ನಾನು ಇರುವುದು ಹಾಲಂಡಿನ ಯುಟ್ರೆಕ್ಟ್ ಪಟ್ಟಣದಲ್ಲಿ. ಅಲ್ಲಿಯ ಮನೆಗಳದು ಇದಕ್ಕೆ ತದ್ವಿರುದ್ಧ ರೀತಿ. ಬೀದಿಗೆ ತೆರೆದ ದೊಡ್ಡ ಕಿಟಕಿ, ಪರದೆ ಇಲ್ಲ. ಮನೆಯವರು ಊಟಕ್ಕೆ ಏನು ಬಡಿಸಿಕೊಂಡಿದ್ದಾರೆ, ಹುಡುಗ ಯಾವ ಪುಟ ಓದುತ್ತಿದ್ದಾನೆ ಎಂಬುದೆಲ್ಲ ಹೋಗುವವರಿಗೆ ಕಾಣುತ್ತದೆ. ಆದರೆ ಹೊಸ್ತಿಲು ದಾಟಬೇಕಾದರೆ ಅಫ್‌ಸ್ಪ್ರಾಕ್ ಬೇಕು. ಅಂದರೆ ಮುಂಚಿತವಾಗಿ ದಿನ, ಹೊತ್ತು ಗೊತ್ತುಮಾಡಿಕೊಳ್ಳುವುದು. ನಮ್ಮ ಮಹಡಿಯ ಮೇಲಿನ ಹೆಂಗಸು ನನ್ನೊಡನೆ ಒಂದು ಲೋಟ ಚಹಾ ಕುಡಿಯುವುದಕ್ಕೆ ತನ್ನ ದಿನಚರಿ ತಿರುವಿ ಮುಂದಿನ ವಾರದಾಚೆಯ ಗುರುವಾರವನ್ನು ಕೊಡುತ್ತಾಳೆ. ನನಗೆ ಈ ಪದ್ಧತಿ ಬಹಳ ಹಿಡಿಸಿತ್ತು. ಹಿಡಿಸಿತ್ತು ಎಂದೇ ಆ ತ್ರಾಬೂಲಿನ ಬಾಯಿಗೆ ನಿಲ್ಲುವವರೆಗೆ ತಿಳಿದಿದ್ದೆ.

ಹೊಟ್ಟೆಕಿಚ್ಚು ಎಂಬ ಶಬ್ದವನ್ನು ನಾನು ಹಾಸ್ಟೆಲಿನ ಹುಡುಗಿಯರನ್ನು ಬೈಯುವುದಕ್ಕೆ ಬಳಸಿದವಳು; ಈಗ ಅದು ನನಗೇ ಹತ್ತಿತ್ತು. ಧಾರವಾಡದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ನಾನು ವಾರ್ಡನ್ ಆಗಿದ್ದೆ. ನಸುಕಿನ ಗಂಟೆ, ಪ್ರಾರ್ಥನೆಯ ಗಂಟೆ, ಊಟದ ಗಂಟೆ, ದೀಪ ಆರಿಸುವ ಗಂಟೆ. ಗಂಡ ಬೇಗ ತೀರಿಕೊಂಡ ಮೇಲೆ ಈ ಗಂಟೆಗಳೇ ನನ್ನನ್ನು ನಡೆಸಿದವು, ಮಗಳು ವಿದ್ಯಾಳನ್ನು ಓದಿಸಿದವು. ವಿದ್ಯಾ ಸಂಶೋಧನೆಗೆಂದು ಯುಟ್ರೆಕ್ಟಿಗೆ ಬಂದು ಅಲ್ಲೇ ನಿಂತಾಗ, ಅವಳ ಮಗ ಅನೀಶನನ್ನು ನೋಡಿಕೊಳ್ಳಲು ನಾನೂ ಬಂದೆ. ಬಂದು ಮೂರು ಚಳಿಗಾಲ ಕಳೆದವು.

ಮೊದಲ ತಿಂಗಳುಗಳಲ್ಲಿ ಈ ದೇಶ ನನ್ನನ್ನು ಕೇಳಿಯೇ ಮಾಡಿದಂತಿತ್ತು. ಕಸ ಒಯ್ಯುವ ಗಾಡಿಗೆ ದಿನ, ಹಳೆಯ ಕಾಗದಕ್ಕೆ ಬೇರೆ ದಿನ, ಗಾಜಿನ ಬಾಟಲಿಗೆ ಬಣ್ಣ ನೋಡಿ ಬೇರೆ ಬೇರೆ ತೂತು. ನೀರು ಕೂಡ ಹೇಳಿದ ಕಡೆಯೇ ನಿಲ್ಲುತ್ತದೆ. ಊರ ನಡುವೆ ಹಾದುಹೋಗುವ ಖ್ರಾಖ್ಟ್, ಅಂದರೆ ಕಾಲುವೆ, ತೋಡಿಟ್ಟ ಗೆರೆಯನ್ನು ಒಂದು ಬೆರಳೂ ಮೀರುವುದಿಲ್ಲ. ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಬ್ರೆಡ್ಡು, ಅದರ ಮೇಲೊಂದು ಚೀಜಿನ ಹಾಳೆ. ಮಕ್ಕಳು ಬ್ರೆಡ್ಡಿನ ಮೇಲೆ ಚಾಕಲೇಟಿನ ಚೂರು ಉದುರಿಸಿಕೊಂಡು ಅದನ್ನೇ ಊಟ ಎನ್ನುತ್ತಾರೆ. ನಾನು ಅದಕ್ಕೂ ಹೊಂದಿಕೊಂಡೆ. ಡಚ್ ಭಾಷೆಯ ತರಗತಿಗೆ ಹೋದೆ. ಸುರಿನಾಮ್ ದೇಶದಿಂದ ಬಂದವರ ಅಂಗಡಿಯಲ್ಲಿ ಹಾಗಲಕಾಯಿ, ಉದ್ದನೆಯ ಅಲಸಂದೆ ಸಿಗುವುದನ್ನು ಕಂಡುಹಿಡಿದೆ. ಹಿಡಿಸದೆ ಹೋದದ್ದು ಒಂದೇ. ಮನೆಯಲ್ಲಿ ನನ್ನ ಮಾತಿಗೆ ನನ್ನ ಮಾತಿನಲ್ಲಿ ಉತ್ತರ ಕೊಡುವವರು ಇರಲಿಲ್ಲ. ವಿದ್ಯಾ ಸಂಜೆ ದಣಿದು ಬಂದು ಹ್ಞೂಂ, ಉಹ್ಞೂಂ ಅನ್ನುತ್ತಾಳೆ. ಅನೀಶ "ಯಾ, ಓಮಾ" ಎನ್ನುತ್ತಾನೆ. ಓಮಾ ಎಂದರೆ ಅಜ್ಜಿ. ಧಾರವಾಡದ ಮಾತು ನನ್ನ ಕಿವಿಗೆ ಬೀಳುತ್ತಿದ್ದದ್ದು ಅಡಿಗೆಮನೆಯಲ್ಲಿ ನಾನೇ ಆಡಿಕೊಂಡಾಗ.

ಹಾಗಾಗಿ ಪದ್ದಿಯನ್ನು ಕರೆತರುವುದೆಂದು ನಿಶ್ಚಯ ಮಾಡಿದೆ.

ಪದ್ದಿ, ಅಂದರೆ ಪದ್ಮಾವತಿ, ನನ್ನ ಬೆನ್ನಿಗೆ ಬಿದ್ದವಳು. ಅಕ್ಕತಂಗಿಯರೆಂದು ನಾವಿಬ್ಬರೇ. ಅವಳ ಗಂಡ ಶ್ರೀಪಾದ ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿ ಪಳಗಿದವನು. ಎಷ್ಟೋ ವರ್ಷಗಳ ಹಿಂದೆ ಲಿಯೋನಿನ ರೇಷ್ಮೆ ಬಣ್ಣಗಾರಿಕೆಯ ಕಾರ್ಖಾನೆಯೊಂದು ಅವನನ್ನು ಕರೆಸಿಕೊಂಡಿತು. ಇವಳೂ ಹೋದಳು. ಮಕ್ಕಳಾಗಲಿಲ್ಲ. ಎರಡು ವರ್ಷದ ಕೆಳಗೆ ಶ್ರೀಪಾದ ತೀರಿಕೊಂಡ. ಪರದೇಶದ ಬೆಟ್ಟದ ಮೇಲಿನ ಮನೆಯಲ್ಲಿ ಒಬ್ಬಳೇ ಹೆಂಗಸು, ಅದೂ ಎಚ್ಚರವಾದಾಗ ಬೆಳಗಾಯಿತು ಎನ್ನುವ ಸ್ವಭಾವದವಳು, ಏನು ಮಾಡುತ್ತಾಳೆ ಎಂದು ನನಗೆ ಚಿಂತೆ. ನಮ್ಮಲ್ಲಿ ಹಿತ್ತಲ ಕಡೆಗೊಂದು ಚಿಕ್ಕ ಕೋಣೆ ಇತ್ತು. ಅದನ್ನು ಬರಿದು ಮಾಡಿಸಿ, ಗಾದಿ ಹಾಕಿಸಿ, ಕಿಟಕಿಗೆ ಹೊಸ ಬಟ್ಟೆ ಹೊಲಿದೆ. ಡಚ್ ತರಗತಿಯಲ್ಲಿ ಅವಳಿಗೂ ಒಂದು ಜಾಗ ಹೇಳಿಟ್ಟೆ. ಟೆಲಿಫೋನಿನಲ್ಲಿ ತಿಳಿಸಿದಾಗ ಅವಳು, "ಮೊದಲ ನೀ ಬಾ, ನೋಡೋಣು," ಅಂದಳು. ಹಾಸ್ಟೆಲಿನಲ್ಲಿ ನಾನು ಕೋಣೆ ಹಂಚಿದ ಮೇಲೆ ಯಾರೂ ನೋಡೋಣು ಎಂದದ್ದಿಲ್ಲ. ನಾನು ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡು ಅಕ್ಟೋಬರಿನಲ್ಲಿ ರೈಲು ಹತ್ತಿದೆ.

ಆ ಬೇಸಿಗೆಯಲ್ಲಿ ಫುಟ್‌ಬಾಲಿನ ವಿಶ್ವಕಪ್ಪನ್ನು ಫ್ರಾನ್ಸ್ ಗೆದ್ದಿತ್ತು. ಹಾಲಂಡ್ ಸೆಮಿಫೈನಲಿನಲ್ಲಿ ಸೋತಾಗ ಅನೀಶ ಕಿತ್ತಳೆ ಬಣ್ಣದ ಅಂಗಿಯಲ್ಲೇ ಅಳುತ್ತ ಮಲಗಿದ್ದ. ಲಿಯೋನಿನ ರೊಟ್ಟಿಯಂಗಡಿಗಳ ಗಾಜಿಗೆ ಗೆದ್ದವರ ಚಿತ್ರಗಳು ಇನ್ನೂ ಅಂಟಿದ್ದವು. ಆಟದ ಬಗ್ಗೆ ನನಗೇನೂ ಗೊತ್ತಿಲ್ಲ. ಆದರೂ ಆ ಚಿತ್ರಗಳನ್ನು ನೋಡಿದಾಗ ಇವರಿಗೆ ಎಲ್ಲವೂ ಬೇಕು ಅನ್ನಿಸಿತು.

ನಿಜಕ್ಕೂ ಎಲ್ಲವೂ ಇದೆ. ಊರಿಗೆ ಎರಡು ನದಿಗಳು. ಹಿಮದ ಬೆಟ್ಟಗಳಿಂದ ಬರುವ ರೋನ್ ಅಗಲವಾಗಿದೆ, ರಭಸವಾಗಿದೆ, ತನಗೇನೋ ಕೆಲಸವಿದೆ ಎಂಬಂತೆ ಹೋಗುತ್ತದೆ. ಸೋನ್ ಹಸಿರಾಗಿ, ನಿಧಾನವಾಗಿ, ಹಳೆಯ ಮನೆಗಳ ಗುಲಾಬಿ ಹಳದಿ ಗೋಡೆಗಳನ್ನು ತನ್ನೊಳಗೆ ನೋಡಿಕೊಳ್ಳುತ್ತ ಬರುತ್ತದೆ. ಎರಡರ ನಡುವೆ ನಾಲಗೆಯಂತೆ ಚಾಚಿದ ನೆಲದ ಮೇಲೆ ಅಂಗಡಿ, ಚೌಕ, ರಂಗಮಂದಿರ. ಎರಡು ಬೆಟ್ಟ. ಒಂದರ ಹೆಸರು ಫೂರ್ವಿಯೇರ್, ಅದರ ನೆತ್ತಿಯಲ್ಲಿ ಬಿಳಿಯ ಚರ್ಚು. ಇನ್ನೊಂದು ಕ್ರುವಾ-ರೂಸ್, ನೇಕಾರರ ಬೆಟ್ಟ, ಪದ್ದಿಯ ಬೆಟ್ಟ. ಎತ್ತರದ ಮಗ್ಗಗಳು ಹಿಡಿಸಲೆಂದು ಅಲ್ಲಿಯ ಮನೆಗಳಿಗೆ ಎರಡಾಳು ಎತ್ತರದ ಛಾವಣಿ, ಅಷ್ಟೇ ಎತ್ತರದ ಕಿಟಕಿ. ಪದ್ದಿ ಬೆಳಿಗ್ಗೆ ತಡವಾಗಿ ಎದ್ದು, ಕೂದಲು ಬಿಚ್ಚಿಕೊಂಡು, ಚಹಾ ಹಿಡಿದು ಆ ಕಿಟಕಿಗೆ ಬಂದು ನಿಂತರೆ ಇಡೀ ಊರಿನ ಹೆಂಚುಗಳು ಅವಳ ಕಾಲ ಕೆಳಗೆ. ಗಾಳಿ ತಿಳಿಯಾಗಿದ್ದ ದಿನ ದೂರದಲ್ಲಿ ಹಿಮದ ಬೆಟ್ಟಗಳೂ ಕಾಣುತ್ತವೆ. ನನ್ನ ಯುಟ್ರೆಕ್ಟಿನ ಕಿಟಕಿಯಿಂದ ಕಾಣುವುದು ಎದುರು ಮನೆಯವರ ಸೈಕಲ್ಲುಗಳು. ಬೆಟ್ಟ ಬೇಕೆಂದರೆ ರೈಲ್ವೆ ಸೇತುವೆ ಹತ್ತಬೇಕು.

ನಾನು ಸುಮ್ಮನೆ ಬಿಡಲಿಲ್ಲ. ಫೂರ್ವಿಯೇರಿನ ಇಳಿಜಾರಿನಲ್ಲಿ ಎರಡು ಸಾವಿರ ವರ್ಷ ಹಳೆಯದಾದ ರೋಮನ್ನರ ರಂಗಮಂದಿರ ತೋರಿಸಿದಾಗ, ಅರ್ಧಚಂದ್ರದಂತೆ ಬಾಗಿದ ಕಲ್ಲಿನ ಮೆಟ್ಟಿಲುಗಳ ಮೇಲೆ ಕುಳಿತು, "ನಮ್ಮ ಯುಟ್ರೆಕ್ಟಿನಾಗೂ ರೋಮನ್ನರು ಇದ್ರು," ಅಂದೆ.

"ಹೌದೇನು? ಏನು ಕಟ್ಟ್ಯಾರ?"

"ಗಡಿ ಕಾಯೋ ಠಾಣೆ. ನೆಲದ ಕೆಳಗ ಅದ. ಕಾಣಂಗಿಲ್ಲ."

"ಓಹೋ," ಅಂದಳು ಪದ್ದಿ, ಬಹಳ ಮರ್ಯಾದೆಯಿಂದ.

"ಮತ್ತ ನಮ್ಮಲ್ಲಿ ಚರ್ಚಿನ ಗೋಪುರ ಅದ. ಇಡೀ ಹಾಲಂಡಿನಾಗ ಅಷ್ಟು ಎತ್ತರದ್ದು ಇಲ್ಲ."

"ಚರ್ಚು?"

"ಚರ್ಚು ಅರ್ಧ ಇಲ್ಲ. ನಡುವಿಂದು ಹಿಂದಕ್ಕೊಮ್ಮೆ ಬಿರುಗಾಳಿಗೆ ಬಿದ್ದುಹೋತು. ಗೋಪುರ ಒಂದ ಕಡೆ, ಉಳಿದದ್ದು ಒಂದ ಕಡೆ."

ಪದ್ದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಣ್ಣವಳಿದ್ದಾಗಿನಿಂದ ನಗುವಿಗೆ ಅವಳದು ಅದೇ ರೀತಿ, ನನಗೆ ಅದರ ಮೇಲೆ ಅದೇ ಸಿಟ್ಟು.

ಎರಡು ನದಿಗಳು ಕೂಡುವ ಜಾಗಕ್ಕೆ ಅವಳೇ ಕರೆದೊಯ್ದಳು. ಪ್ರವಾಸಿಗಳು ಹೋಗುವ ಜಾಗ ಅದಲ್ಲ. ಗೋದಾಮು, ಸರಕಿನ ರೈಲುಹಳಿ, ಕೊನೆಯಲ್ಲಿ ಕಾಡುಗಿಡ ಬೆಳೆದ ಒಂದು ಮೊನೆ. ಕೂಡಲಸಂಗಮ ನೋಡಿದ ನನಗೆ ಅಲ್ಲಿ ಗುಡಿಯಿಲ್ಲದ್ದು ವಿಚಿತ್ರವೆನಿಸಿತು. ಒಂದು ಬದಿಗೆ ಹಸಿರು ನೀರು, ಇನ್ನೊಂದು ಬದಿಗೆ ಬೂದಿನೀಲಿ ನೀರು. ಕೂಡಿದ ಮೇಲೂ ಬಹುದೂರದವರೆಗೆ ಎರಡೂ ಬೇರೆ ಬೇರೆಯಾಗಿಯೇ ಪಕ್ಕಪಕ್ಕಕ್ಕೆ ಹರಿಯುತ್ತವೆ.

"ಇವರು ಸೂಟಿ ಇದ್ದಾಗೆಲ್ಲ ಇಲ್ಲಿ ಬಂದು ನಿಲ್ತಿದ್ರು," ಅಂದಳು ಪದ್ದಿ. "ಬಣ್ಣಾ ಹಾಕೋ ಕೆಲಸದವರಲ್ಲೇನು, ಯಾವಾಗ ಕೂಡ್ತಾವ ಅಂತ ನೋಡೋದು ಒಂದು ಹುಚ್ಚು. ಅವರು ಹೋದ ಮ್ಯಾಲ ನಾ ಬರ್ತೀನಿ. ಅಳೋದಿದ್ರ ಇಲ್ಲೇ ಅತ್ತು ಹೋಗ್ತೀನಿ. ಮನ್ಯಾಗ ಅತ್ತರ ಇವೆತ್‌ಗೆ ಕೇಳಿಸ್ತದ, ಸೂಪು ತಗೊಂಡು ಬಂದುಬಿಡ್ತಾಳ."

ಇವೆತ್ ಎಂಬ ಹೆಸರು ಅಷ್ಟರಲ್ಲಿ ನನ್ನ ಕಿವಿಯಲ್ಲಿ ಸೊಳ್ಳೆಯಂತಾಗಿತ್ತು. ಮದಾಮ್ ಇವೆತ್ ಕೆಳಗಿನ ಮಹಡಿಯ ಹೆಂಗಸು. ನನಗಿಂತ ಹಿರಿಯಳು, ಮೊದಲು ರೇಷ್ಮೆ ನೂಲು ಸುತ್ತುವ ಕೆಲಸದಲ್ಲಿದ್ದವಳು. ಬೆಳಿಗ್ಗೆ ಬಾಗಿಲು ಬಡಿಯದೆ ಒಳಗೆ ಬರುತ್ತಾಳೆ. ಅಫ್‌ಸ್ಪ್ರಾಕ್ ಗಿಫ್‌ಸ್ಪ್ರಾಕ್ ಏನೂ ಇಲ್ಲ. ನೇರವಾಗಿ ಅಡಿಗೆಮನೆಯ ಕುರ್ಚಿಯ ಮೇಲೆ ಕುಳಿತು, ಪದ್ದಿಯ ಮುಂದಿದ್ದ ಅವರೆಯಂಥ ಕಾಯಿಗಳನ್ನು ತನ್ನ ಕಡೆಗೆ ಎಳೆದುಕೊಂಡು ಸುಲಿಯತೊಡಗುತ್ತಾಳೆ. ಮೊದಲ ದಿನ ಪದ್ದಿ ಅವಳಿಗೆ ಚಹಾ ಬಗ್ಗಿಸುತ್ತಿದ್ದಾಗ ಆ ಮುದುಕಿ ಕೈ ಅಡ್ಡ ಹಿಡಿದು, "ಸಾಕು, ಸಾಕು," ಅಂದಳು.

ಸ್ವಚ್ಛ ಕನ್ನಡದಲ್ಲಿ ಅಂದಳು. ನನ್ನ ಮೊಮ್ಮಗನ ಬಾಯಲ್ಲಿ ಬಾರದ ಮಾತು. ನಾನು ಎದ್ದು ಹೋಗಿ ಸ್ನಾನದ ನೀರು ಬಿಟ್ಟುಕೊಂಡೆ. ಸ್ನಾನ ಆಗಲೇ ಮುಗಿದಿತ್ತು.

ಊಟದ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದೂ ಒಳಗೇ ಉಳಿಯುತ್ತದೆ. ಲಿಯೋನ್ ಮಾಂಸದೂಟಕ್ಕೆ ಹೆಸರಾದ ಊರು. ಮಾಂಸ ತಿನ್ನದ ನಮ್ಮಂಥವರು ಉಪವಾಸ ಬೀಳುತ್ತೇವೆ, ಒಂದು ಕುಂದಾದರೂ ಸಿಕ್ಕಿತು ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದೆ. ಹಾಗಾಗಲಿಲ್ಲ. ಬೆಟ್ಟದ ಮೇಲಿನ ದೊಡ್ಡ ಬೀದಿಯಲ್ಲಿ ಬೆಳಗಿನ ಸಂತೆ. ಅಕ್ರೋಟ, ಕುಂಬಳ, ಕೊಯ್ದ ಕೂಡಲೇ ತಂದ ಸೊಪ್ಪು. ಮಾರುವವರು ಪದ್ದಿಯ ಸೀರೆ ಗುರುತಿಸಿ ಕೂಗಿ ಮಾತಾಡಿಸುತ್ತಾರೆ. ಮಧ್ಯಾಹ್ನ ಊರಿಗೆ ಊರೇ ಅಂಗಡಿ ಮುಚ್ಚಿ ಬಿಸಿ ಊಟಕ್ಕೆ ಕೂರುತ್ತದೆ. ಒಂದು ದಿನ ಇವೆತ್ ಬಟ್ಟಲಲ್ಲಿ ಬಿಳಿಯದೇನನ್ನೋ ತಂದಳು. ಕಟ್ಟಿದ ಮೊಸರಿಗೆ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಹಸಿರು ಎಲೆ, ಉಪ್ಪು, ಕರಿಮೆಣಸು. ಹೆಸರೇನು ಎಂದೆ. ನೇಕಾರನ ಮಿದುಳು ಎಂದು ಪದ್ದಿ ಅನುವಾದ ಮಾಡಿದಳು. ನಾನು ಬಟ್ಟಲನ್ನು ದೂರ ಸರಿಸಿದೆ.

"ಹೆಸರಷ್ಟ ಅಕ್ಕಾ. ಬಡ ನೇಕಾರರು ತಿಂತಿದ್ರಂತ, ಅದಕ್ಕ ಶ್ರೀಮಂತರು ಇಟ್ಟ ಚೇಷ್ಟಿ ಹೆಸರು. ರೊಟ್ಟಿಗೆ ಹಚ್ಚಿ ನೋಡು."

ರೊಟ್ಟಿ ಎಂದರೆ ಜೋಳದ ರೊಟ್ಟಿ. ನದಿಯಾಚೆ ಆಫ್ರಿಕಾದವರ ಅಂಗಡಿಯಲ್ಲಿ ಅವಳಿಗೆ ಜೋಳದ ಹಿಟ್ಟು ಸಿಗುತ್ತದೆ. ಕೈಯಿಂದ ಬಡಿದು, ನೀರು ಸವರಿ, ಕಬ್ಬಿಣದ ಹೆಂಚಿನ ಮೇಲೆ ಬೇಯಿಸುತ್ತಾಳೆ. ಯುಟ್ರೆಕ್ಟಿನಲ್ಲಿ ನಾನು ಮೂರು ವರ್ಷ ಹುಡುಕಿದರೂ ಸಿಗದ ಹಿಟ್ಟು. ರೊಟ್ಟಿಯ ಮೇಲೆ ನೇಕಾರನ ಮಿದುಳು ಹಚ್ಚಿಕೊಂಡು ತಿಂದೆ. ರುಚಿಯಾಗಿತ್ತು. ಚೆನ್ನಾಗಿಲ್ಲ ಎಂದು ಹೇಳುವ ಅವಕಾಶವೂ ತಪ್ಪಿತಲ್ಲ ಎಂದು ಇನ್ನೂ ಒಂದು ರೊಟ್ಟಿ ತಿಂದೆ.

ನಡುವೆ ನಡುವೆ ನಾನು ಬಂದ ಕೆಲಸವನ್ನು ನೆನಪಿಸುತ್ತಿದ್ದೆ. ಕೋಣೆಯಲ್ಲಿ ಮಂಚ ಯಾವ ಗೋಡೆಗೆ ಹಾಕಿದೆ, ಬೆಳಕು ಎಲ್ಲಿಂದ ಬರುತ್ತದೆ, ತರಗತಿ ಯಾವ ದಿನ. ಪದ್ದಿ ಕೇಳಿಸಿಕೊಳ್ಳುವಳು. ಒಮ್ಮೆ ಮಾತ್ರ, "ಅಕ್ಕಾ, ನಾ ಇನ್ನೂ ಹ್ಞೂಂ ಅಂದ ಇಲ್ಲಲ್ಲ," ಅಂದಳು. ನಾನು ಅವಳ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿಟ್ಟೆ.

ಭಾನುವಾರ ಇವೆತ್‌ಳ ಹುಟ್ಟುಹಬ್ಬ. ಮಧ್ಯಾಹ್ನದ ಊಟಕ್ಕೆ ನಮ್ಮಿಬ್ಬರನ್ನೂ ಕರೆದಿದ್ದಳು. ಕರೆದ ಕಡೆ ಸರಿಯಾಗಿ ನಡೆದುಕೊಳ್ಳಬೇಕೆಂಬುದು ನನ್ನ ನಿಯಮ. ಹಾಲಂಡಿನಲ್ಲಿ ಹುಟ್ಟುಹಬ್ಬದ ಶಿಷ್ಟಾಚಾರವನ್ನು ನಾನು ಕಷ್ಟಪಟ್ಟು ಕಲಿತಿದ್ದೆ. ಅಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ. ಹೋದವರು ಹುಟ್ಟಿದವರಿಗೆ ಮಾತ್ರವಲ್ಲ, ಕುಳಿತವರಿಗೆಲ್ಲ ಒಬ್ಬೊಬ್ಬರಿಗೇ ಕೈ ಕೊಟ್ಟು ಅಭಿನಂದನೆ ಹೇಳಬೇಕು. ನಿಮ್ಮ ತಾಯಿಯ ಬಗ್ಗೆ ಅಭಿನಂದನೆ, ನಿಮ್ಮ ನೆರೆಯವಳ ಬಗ್ಗೆ ಅಭಿನಂದನೆ. ಒಬ್ಬರನ್ನು ಬಿಟ್ಟರೂ ತಪ್ಪು. ಮೊದಲ ವರ್ಷ ನಾನು ಒಬ್ಬ ಮುದುಕನನ್ನು ಬಿಟ್ಟು, ವಿದ್ಯಾಳಿಂದ ಬೈಸಿಕೊಂಡಿದ್ದೆ. ಈ ಸಲ ತಪ್ಪಬಾರದು ಎಂದು ಮೆಟ್ಟಿಲಿಳಿಯುವಾಗಲೇ ಅಭಿನಂದನೆಗೆ ಫ್ರೆಂಚಿನಲ್ಲಿ ಏನೆನ್ನುತ್ತಾರೆ ಎಂದು ಪದ್ದಿಯನ್ನು ಕೇಳಿಕೊಂಡೆ. ಫೆಲಿಸಿತಾಸ್ಯೋಂ, ಅಂದಳು. ಯಾಕೆಂದು ಕೇಳಲಿಲ್ಲ.

ಇವೆತ್‌ಳ ಮೇಜಿನ ಸುತ್ತ ಬಂಧುಗಳು, ನೆರೆಯವರು ಕುಳಿತಿದ್ದರು. ನಾನು ಬಾಗಿಲ ಪಕ್ಕದ ಕುರ್ಚಿಯಿಂದ ಆರಂಭಿಸಿದೆ. ಅಲ್ಲಿದ್ದವನು ನಿವೃತ್ತ ಬಸ್ ಚಾಲಕ. ಅವನ ಕೈ ಹಿಡಿದು ಕುಲುಕಿ ಫೆಲಿಸಿತಾಸ್ಯೋಂ ಎಂದೆ. ಅವನು ತನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದ. ಮುಂದಿನವಳು ಇವೆತ್‌ಳ ತಂಗಿಯ ಮಗಳು, ತುಸು ದಪ್ಪ ಮೈಯವಳು. ಫೆಲಿಸಿತಾಸ್ಯೋಂ. ಅವಳು ತನ್ನ ಹೊಟ್ಟೆ ನೋಡಿಕೊಂಡು, ಕೆಂಪಾಗಿ, ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಅವಳ ಗಂಡನಿಗೂ ಹೇಳಿದೆ. ಅವನು ಹೆಂಡತಿಯ ಮುಖ ನೋಡಿದ. ನಾನು ನಿಲ್ಲಿಸಲಿಲ್ಲ. ಸುತ್ತು ಅರ್ಧಕ್ಕೆ ಬಿಡುವವಳಲ್ಲ ನಾನು. ಕೊನೆಯ ಕುರ್ಚಿಯವರೆಗೂ ಕೈ ಕೊಟ್ಟು ಮುಗಿಸಿದೆ.

"ಅಕ್ಕಾ," ಅಂದಳು ಪದ್ದಿ ಮೆಲ್ಲಗೆ, "ಇವರೆಲ್ಲಾ ಏನು ಸಾಧನಾ ಮಾಡ್ಯಾರಂತ ಅಭಿನಂದನಾ?"

ವಿವರಿಸಿದೆ. ಅವಳು ಅನುವಾದ ಮಾಡಿದಳು. ಆಮೇಲೆ ಎದ್ದ ನಗುವಿಗೆ ಗಾಜಿನ ಲೋಟಗಳು ಅಲುಗಿದವು. ದಪ್ಪ ಮೈಯವಳು ಎಲ್ಲರಿಗಿಂತ ಹೆಚ್ಚು ನಕ್ಕಳು, ನಿರಾಳವಾಗಿರಬೇಕು. ಇವೆತ್ ಕಣ್ಣೊರೆಸಿಕೊಂಡು ಏನೋ ಹೇಳಿದಳು. "ಹಾಲಂಡಿನವಳು" ಎಂದದ್ದು ನನಗೂ ತಿಳಿಯಿತು. ಅಲ್ಲಿಂದ ಊಟ ಮುಗಿಯುವವರೆಗೆ ನನಗೆ ಅದೇ ಹೆಸರು. ಹಾಲಂಡಿನವಳಿಗೆ ಇನ್ನಷ್ಟು ಬಡಿಸಿ, ಹಾಲಂಡಿನವಳಿಗೆ ಚೀಜು ಕೊಡಿ. ಇಳಕಲ್ ಸೀರೆ ಉಟ್ಟು ಕುಳಿತ ನನಗೆ.

"ನಗೋದೇನದ ಅದರಾಗ?" ಎಂದು ನಾನು ಪದ್ದಿಗೆ ಹೇಳತೊಡಗಿದೆ. "ಅವರಿಗೆ ಹೇಳು. ಒಬ್ಬರು ಹುಟ್ಟಿದ್ದು ಅಂದ್ರ ಸುತ್ತಲಿನವರಿಗೆಲ್ಲಾ ಸಂಬಂಧ. ಅದಕ್ಕ ಎಲ್ಲಾರಿಗೂ ಕೈ ಕೊಡೋದು. ನಮ್ಮಲ್ಲಿ ಮಂದಿ ಮಾತು ಕಡಿಮಿ ಆಡ್ತಾರ, ಖರೆ. ಆದ್ರ ಒಬ್ಬರ ಹುಟ್ಟಿದಹಬ್ಬಾ ಮರೀಬಾರದಂತ ಪಾಯಖಾನಿ ಗ್ವಾಡಿಗೆ ಸುದ್ಧಾ ತಾರೀಖು ತೂಗು ಹಾಕಿರ್ತಾರ. ಮ್ಯಾಲಿನ ಮನಿಯಾಕಿ ಚಹಾಕ್ಕ ದಿನಾ ಗೊತ್ತು ಮಾಡ್ತಾಳ ಅಂದ್ರ, ಆ ಹೊತ್ತು ಪೂರ್ತಿ ನನಗ ಅಂತ ಅರ್ಥ. ನಡುವ ಎದ್ದು ಹೋಗಂಗಿಲ್ಲ. ಹೇಳು ಅವರಿಗೆ."

ಪದ್ದಿ ಅನುವಾದ ನಿಲ್ಲಿಸಿದ್ದಳು. ಚಮಚೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು.

ಸಂಜೆಯಾಗುವ ಮೊದಲು ನಾವಿಬ್ಬರೇ ಸೋನ್ ನದಿಯ ದಂಡೆಗೆ ಇಳಿದು ಮೆಟ್ಟಿಲ ಮೇಲೆ ಕುಳಿತೆವು. ಎದುರು ದಡದ ಹಳೆಯ ಮನೆಗಳ ಮೇಲೆ ಬಿಸಿಲು. ಇಷ್ಟು ಚೆಲುವಾಗಿರುವ ಅಗತ್ಯ ಈ ಊರಿಗೆ ಏನಿತ್ತು ಎಂದು ನನಗೆ ರೇಗುತ್ತಿತ್ತು.

"ಅಕ್ಕಾ, ನೀ ಅಲ್ಲಿಯಾಕಿ ಆಗೀದಿ."

"ನಾ ಎಲ್ಲಿಯಾಕಿನೂ ಆಗಿಲ್ಲ. ನಾ ಧಾರವಾಡದಾಕಿ."

"ಅದೂ ಹೌದು. ಆದ್ರ ಇವತ್ತ ಊಟದಾಗ ನಮ್ಮಲ್ಲಿ, ನಮ್ಮಲ್ಲಿ ಅಂತ ಜಗಳಾಡಿದೆಲ್ಲ, ಅದು ಧಾರವಾಡದ ಸಲುವಾಗಿ ಅಲ್ಲ." ಅವಳು ಒಣ ಎಲೆಯೊಂದನ್ನು ನೀರಿಗೆ ಬಿಟ್ಟಳು. "ನಾ ಬರೂದಿಲ್ಲ ಅಕ್ಕಾ."

ನನಗೆ ಅದು ಗೊತ್ತಾಗಿತ್ತು. ಗೊತ್ತಾಗಿದ್ದರಿಂದಲೇ ಪೆಟ್ಟಿಗೆಗಳ ಧೂಳು ಎರಡೆರಡು ಸಲ ಒರೆಸಿದ್ದೆ.

"ಇಲ್ಲಿ ನಿನಗ ಯಾರಿದ್ದಾರ? ನಿನ್ನ ಸಲುವಾಗಿ ನಾ ಕೋಣಿ ಮಾಡಿಸೇನಿ. ಗಾದಿ ಹಾಕಿಸೇನಿ. ಹೆಚ್ಚುಕಡಿಮಿ ಆದ್ರ ಆ ಸೂಪಿನಾಕಿ ನೋಡ್ತಾಳೇನು?"

"ನೋಡ್ತಾಳ. ಇವರು ಹೋದಾಗ ನೋಡ್ಯಾಳ." ಅವಳು ನನ್ನ ಕಡೆ ತಿರುಗಿದಳು. "ನಿನಗ ಒಬ್ಬರು ಬೇಕಾಗ್ಯಾರ ಅಕ್ಕಾ. ಹಂಗಂತ ಹೇಳು. ನನ್ನ ಸಲುವಾಗಿ ಅಂತ ಯಾಕ ಹೇಳ್ತಿ?"

ದೋಣಿಯೊಂದು ಹೋಯಿತು. ಅದರ ಅಲೆ ಬಂದು ಮೆಟ್ಟಿಲಿಗೆ ಬಡಿಯಿತು, ನಾನು ಸೀರೆಯ ಅಂಚನ್ನು ಮೇಲಕ್ಕೆ ಎಳೆದುಕೊಂಡೆ.

"ಹೌದು," ಅಂದೆ. "ಬೇಕಾಗ್ಯಾರ."

"ಮೊದಲ ಹಿಂಗ ಅಂದಿದ್ರೂ ನಾ ಬರ್ತಿರಲಿಲ್ಲ. ಆದ್ರ ಮನ್ಯಾಗ ಕೂಡಿಸಿ, ಶುಂಠಿ ಚಹಾ ಮಾಡಿಕೊಟ್ಟು, ಆಮ್ಯಾಲ ಬರೂದಿಲ್ಲ ಅಂತಿದ್ದೆ."

ನನಗೂ ನಗು ಬಂತು. ಸೆರಗನ್ನು ಬಾಯಿಗೆ ಹಿಡಿಯುವುದು ನಮ್ಮ ವಂಶದಲ್ಲೇ ಇರಬೇಕು.

ಹೊರಡುವ ದಿನ ಬೆಳಿಗ್ಗೆ ಪದ್ದಿ ನನಗಿಂತ ಮೊದಲು ಎದ್ದಿದ್ದಳು. ಇದು ನಮ್ಮ ಮನೆತನದಲ್ಲಿ ಹಿಂದೆ ನಡೆದ ಸಂಗತಿಯಲ್ಲ. ನಾನು ಕೋಟು ತೊಡಲು ಹೋದಾಗ ಅವಳು ತಡೆದು ಮಣೆ ತೋರಿಸಿದಳು. ತಟ್ಟೆಯಲ್ಲಿ ಅಕ್ಕಿ, ಒಂದು ತೆಂಗಿನಕಾಯಿ, ಅರಿಶಿನದ ಕೊಂಬು, ಅಕ್ರೋಟ, ಶ್ರೀಪಾದ ಬಣ್ಣ ಹಾಕಿದ ನೇರಳೆ ರೇಷ್ಮೆಯ ತುಂಡು.

"ಕೂಡು. ಉಡಿ ತುಂಬ್ತೀನಿ."

ನಮ್ಮ ಕಡೆ ತವರಿನಿಂದ ಹೊರಟ ಹೆಣ್ಣಿಗೆ ಉಡಿ ತುಂಬಿ ಕಳಿಸುತ್ತಾರೆ. 'ಇದು ನಿನ್ನ ಮನೆ, ಮತ್ತೆ ಬಾ' ಎಂದು ಹೇಳುವ ರೀತಿ ಅದು. ಪದ್ದಿ ಫ್ರಾನ್ಸಿನಿಂದ ಧಾರವಾಡಕ್ಕೆ ಬಂದು ಹೋಗುವಾಗಲೆಲ್ಲ, ತಾಯಿ ಹೋದ ಮೇಲೆ, ಪಕ್ಕದ ಮನೆಯ ಮುತ್ತೈದೆಯನ್ನು ಕರೆಸಿ ನಾನೇ ನಿಂತು ತುಂಬಿಸುತ್ತಿದ್ದೆ. ಅವಳಿಗೆ ತವರು ಎಂದರೆ ನಾನು. ನನಗೆ ತವರು ಇರಲಿಲ್ಲ. ಅಲ್ಲದೆ ವಿಧವೆಯರಿಗೆ ಉಡಿ ತುಂಬುವುದಿಲ್ಲ. ವಿಧವೆಯರು ತುಂಬುವುದೂ ಇಲ್ಲ. ಪದ್ಧತಿಯನ್ನು ನಾನು ಯಾವತ್ತೂ ಮೀರಿದವಳಲ್ಲ.

"ಪದ್ದೀ, ಇದು ನಿನಗೂ ನಡಿಯೂದಿಲ್ಲ, ನನಗೂ ನಡಿಯೂದಿಲ್ಲ."

"ಎರಡು ಕೂಡಿದ್ರ ನಡೀತದ ತಗೋ. ಸೆರಗು ಹಿಡಿ. ರೈಲು ಹೋಗ್ತದ."

ಅಷ್ಟರಲ್ಲಿ ಇವೆತ್ ಬಾಗಿಲು ಬಡಿಯದೆ ಒಳಗೆ ಬಂದಳು. ಮಣೆಯ ಮುಂದೆ ನಿಂತ ನನ್ನನ್ನು, ತಟ್ಟೆ ಹಿಡಿದ ಪದ್ದಿಯನ್ನು ನೋಡಿ, ತನ್ನ ಟೋಪಿ ತೆಗೆದು, ಗೋಡೆಗೆ ಒರಗಿ ಸುಮ್ಮನೆ ನಿಂತಳು. ನಾನು ಕುಳಿತೆ. ಸೆರಗು ಒಡ್ಡಿದೆ. ಪದ್ದಿ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು. ಗಂಡ ಹೋದ ಮೇಲೆ ನನ್ನ ಮಡಿಲಿಗೆ ಬಿದ್ದ ಮೊದಲ ಅಕ್ಕಿ ಅದು. ಅದರ ಭಾರ ನನಗೆ ಮರೆತೇ ಹೋಗಿತ್ತು. ಏಳುವಾಗ, ತವರು ತುಂಬಿರಲಿ ಎಂದು ಒಂದು ಹಿಡಿ ಅಕ್ಕಿಯನ್ನು ಅಲ್ಲೇ ಬಿಡುವ ವಾಡಿಕೆ. ನನ್ನ ಕೈ ತಾನಾಗಿ ಹೋಗಿ ಆ ಎತ್ತರದ ಕಿಟಕಿಯ ಕೆಳಗಿದ್ದ ಪದ್ದಿಯ ಅಕ್ಕಿ ಡಬ್ಬಿಯಲ್ಲಿ ಒಂದು ಹಿಡಿ ಸುರಿಯಿತು. ಯಾವ ಊರಿನಿಂದ ತಂಗಿಯನ್ನು ಬಿಡಿಸಿಕೊಂಡು ಹೋಗಲು ಬಂದಿದ್ದೆನೋ ಆ ಊರು ತುಂಬಿರಲಿ ಎಂದು ಹರಸಿ ಹೊರಟಂತಾಯಿತು.

ಉಡಿಯನ್ನು ಮನೆ ಮುಟ್ಟುವವರೆಗೆ ಬಿಚ್ಚಬಾರದು. ಸೆರಗನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ ಮೇಲೆ ಕೋಟು ಹಾಕಿಕೊಂಡೆ. ಹಾಗೆಯೇ ಪ್ಯಾರಿಸಿನಲ್ಲಿ ನೆಲದೊಳಗಿನ ರೈಲಿಗೆ ಬದಲಾಯಿಸಿದೆ, ಮತ್ತೆ ದೊಡ್ಡ ರೈಲು ಹತ್ತಿದೆ. ಎದುರು ಕುಳಿತ ಯುವತಿ ನನ್ನ ಉಬ್ಬಿದ ಹೊಟ್ಟೆಯನ್ನೂ ನರೆತ ತಲೆಯನ್ನೂ ನೋಡಿ ಗೊಂದಲಕ್ಕೆ ಬಿದ್ದಂತಿತ್ತು.

ನನ್ನ ಹೊಟ್ಟೆಕಿಚ್ಚು ಕಡಿಮೆಯಾಗಿದೆ ಎಂದು ಬರೆದರೆ ಅದು ಸುಳ್ಳು. ಲಿಯೋನಿಗೆ ಎರಡು ನದಿ, ಎರಡು ಬೆಟ್ಟ, ಜೋಳದ ಹಿಟ್ಟು, ಅದರ ಮೇಲೆ ನನ್ನ ತಂಗಿ. ಬರುವ ಬೇಸಿಗೆಗೆ ಹೋಗುತ್ತೇನೆ, ಅವರ ಕುಂದು ಹುಡುಕುತ್ತೇನೆ. ತವರೂರಿನ ಮೇಲೆ ಹೀಗೆ ಉರಿಯುವ ಹೆಣ್ಣುಮಗಳನ್ನು ನೀವು ಕಂಡಿರಲಿಕ್ಕಿಲ್ಲ.

ಬೆಲ್ಜಿಯಂ ದಾಟುತ್ತಿದ್ದಂತೆ ಹೊರಗೆ ಮಳೆ ಹಿಡಿಯಿತು, ಕಿಟಕಿಯ ಗಾಜು ಮಸುಕಾಯಿತು. ಅಕ್ಕಿ ಚೆಲ್ಲಬಾರದೆಂದು ಒಂದು ಕೈಯಿಂದ ಸೊಂಟದ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಗಾಜನ್ನು ಮತ್ತೆ ಮತ್ತೆ ಒರೆಸುತ್ತ, ನಮ್ಮ ಸಪಾಟು ನೆಲ ಎಲ್ಲಿಂದ ಶುರುವಾಗುತ್ತದೆ ಎಂದು ನೋಡುತ್ತಿದ್ದೆ.